ಸಭೆಯೆಲ್ಲ ಆಮೆನ್ ಎನ್ನುವಂತೆ: ಆರಾಧನೆ, ಸೇವೆ ಮತ್ತು ಐಕ್ಯತೆಗಾಗಿ ಸಾಮೂಹಿಕ ಪ್ರಾರ್ಥನೆಗಳನ್ನು ಸಿದ್ಧಪಡಿಸುವ ಸಮಗ್ರ ಮಾರ್ಗದರ್ಶಿ

ಭಾನುವಾರದ ಆರಾಧನೆಯಲ್ಲಿ ಸಭೆಯ ಪರವಾಗಿ ಪ್ರಾರ್ಥಿಸುವ ಹೊಣೆ ಮಂಗಳೂರು, ಉಡುಪಿ ಕಡೆಯ ಚರ್ಚುಗಳಲ್ಲಿ ಇಂದು ಪಾದ್ರಿಗಳೊಬ್ಬರದೇ ಆಗಿ ಉಳಿದಿಲ್ಲ. ಒಂದು ವಾರ ಮಹಿಳಾ ಅನ್ಯೋನ್ಯ ಕೂಟಕ್ಕೆ, ಇನ್ನೊಂದು ವಾರ ಯುವಜನರಿಗೆ, ಕಥೋಲಿಕ ಚರ್ಚುಗಳಲ್ಲಾದರೆ ಗುರಿಕಾರರ (ವಾರ್ಡಿನ ಮುಖಂಡರ) ಮೂಲಕ ಒಂದೊಂದು ವಾರ್ಡಿಗೆ ಸರದಿ ಬರುತ್ತದೆ. ಸರದಿ ಬಂದವರಲ್ಲಿ ಅನೇಕರು ಶನಿವಾರ ರಾತ್ರಿ ಊಟವಾದ ಮೇಲೆ ಕಳೆದ ವರ್ಷದ ಹಾಳೆಯನ್ನು ಹುಡುಕಿ, ಹೆಸರುಗಳನ್ನಷ್ಟೇ ಬದಲಿಸಿ ಮರುದಿನ ಓದುತ್ತಾರೆ. ಭಕ್ತಿ ಇಲ್ಲದೆ ಹಾಗೆ ಮಾಡುತ್ತಾರೆಂದಲ್ಲ. ಸಾಮೂಹಿಕ ಪ್ರಾರ್ಥನೆಯನ್ನು ಕಟ್ಟುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಈ ಬರಹ ಅಂಥವರಿಗಾಗಿ.

ಮನೆಯಲ್ಲಿ ಒಬ್ಬರೇ ಮೊಣಕಾಲೂರಿ ಮಾಡುವ ಪ್ರಾರ್ಥನೆಗೂ ಸಭೆಯ ಪ್ರಾರ್ಥನೆಗೂ ಇರುವ ವ್ಯತ್ಯಾಸವನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೆಯ ಅಧ್ಯಾಯದಲ್ಲಿ ಒಂದೇ ಪ್ರಶ್ನೆಯಲ್ಲಿ ತೋರಿಸಿದ್ದಾನೆ: ನೀನು ಹೇಳಿದ್ದು ಪಕ್ಕದಲ್ಲಿರುವವನಿಗೆ ತಿಳಿಯದೆ ಹೋದರೆ ಅವನು ಆಮೆನ್ ಎನ್ನುವುದು ಹೇಗೆ? ಸಾಮೂಹಿಕ ಪ್ರಾರ್ಥನೆಯ ಪ್ರತಿಯೊಂದು ವಾಕ್ಯವನ್ನೂ ಈ ಪ್ರಶ್ನೆಗೆ ಒಡ್ಡಬೇಕು. ಹಿಂದಿನ ಬೆಂಚಿನ ಅಜ್ಜಿ, ಮೊದಲ ಬಾರಿಗೆ ಬಂದಿರುವ ಅಳಿಯ, ಸಂಡೇ ಸ್ಕೂಲಿನ ಹುಡುಗಿ, ನಿಮ್ಮ ಅಭಿಪ್ರಾಯವನ್ನು ಒಪ್ಪದ ಸಭಾಹಿರಿಯರು, ಇವರೆಲ್ಲರೂ ಮನಸ್ಸು ಹಿಂಜರಿಯದೆ ಆಮೆನ್ ಎನ್ನಬಹುದಾದ ವಾಕ್ಯವನ್ನು ಉಳಿಸಿಕೊಂಡು ಉಳಿದದ್ದನ್ನು ತಿದ್ದಬೇಕು. ಮುಂದೆ ಬರುವ ಕ್ರಮಗಳೆಲ್ಲ ಈ ಒಂದು ಪರೀಕ್ಷೆಯಿಂದಲೇ ಹುಟ್ಟಿವೆ.

ಮೂರೂ ಒಂದೇ ಕಡೆ ಇದ್ದ ಕಾಲ

ಆರಾಧನೆ, ಸೇವೆ, ಐಕ್ಯತೆ ಎಂಬ ಮೂರನ್ನು ನಾವು ಇಂದು ಮೂರು ಸಮಿತಿಗಳಿಗೆ ಹಂಚಿದ್ದೇವೆ. 2ನೆಯ ಶತಮಾನದ ನಡುಭಾಗದಲ್ಲಿ ರೋಮ್ ನಗರದಲ್ಲಿದ್ದ ಹುತಾತ್ಮ ಜಸ್ಟಿನ್ ತನ್ನ ಕಾಲದ ಆರಾಧನೆಯನ್ನು ವಿವರಿಸುವಾಗ ಈ ಮೂರೂ ಒಂದರ ಬೆನ್ನಿಗೆ ಒಂದು ಬರುತ್ತವೆ. ವಾಚನಗಳೂ ಬೋಧನೆಯೂ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಿದ್ದರು. ದೀಕ್ಷಾಸ್ನಾನ ಹೊಂದಿದವರನ್ನು ಸಭೆಗೆ ಕರೆತಂದಾಗ ಪ್ರಾರ್ಥನೆಯ ಬಳಿಕ ಒಬ್ಬರನ್ನೊಬ್ಬರು ಮುದ್ದಿಟ್ಟು ವಂದಿಸುತ್ತಿದ್ದರು. ಅನುಕೂಲವಿದ್ದವರು ಕೊಟ್ಟ ಕಾಣಿಕೆ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು ಮತ್ತು ಪರಸ್ಥಳದವರಿಗೆ ಸಲ್ಲುತ್ತಿತ್ತು. ಎಲ್ಲರಿಗಾಗಿ ಬೇಡುವ ಈ ಸಾಮೂಹಿಕ ವಿಜ್ಞಾಪನೆ ಪಶ್ಚಿಮದ ಸಭೆಯಲ್ಲಿ ಶತಮಾನಗಳ ಕಾಲ ಮಸುಕಾಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಅದನ್ನು ವಿಶ್ವಾಸಿಗಳ ಪ್ರಾರ್ಥನೆ ಎಂಬ ಹೆಸರಿನಲ್ಲಿ ಕಥೋಲಿಕ ಬಲಿಪೂಜೆಗೆ ಮರಳಿ ತಂದಿತು. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆ (ಸಿಎಸ್‌ಐ) 1950ರಲ್ಲಿ ಹೊರತಂದ ಕರ್ತನ ಭೋಜನದ ಕ್ರಮದಲ್ಲಿಯೂ ಸಭೆ ಉತ್ತರಿಸಿ ಹೇಳುವ ವಿಜ್ಞಾಪನೆಗಳಿಗೆ ದೊಡ್ಡ ಜಾಗವಿದೆ. ಆದ್ದರಿಂದ ನಿಮ್ಮ ಕೈಗೆ ಬಂದಿರುವ ಸರದಿ ಕಾರ್ಯಕ್ರಮದ ನಡುವೆ ತುಂಬಬೇಕಾದ ಖಾಲಿ ಜಾಗವಲ್ಲ. ಸಭೆ ಸಭೆಯಾಗಿ ಬಾಯಿ ತೆರೆಯುವ ಹೊತ್ತು ಅದೇ.

ಮೊದಲ ಹೆಜ್ಜೆ: ಗುರುವಾರ ಮಾಡಬೇಕಾದ ಕೆಲಸ

ಗುರುವಾರಕ್ಕೆ ಮೊದಲು ಆರಂಭಿಸಿದರೆ ವಾರದ ಸುದ್ದಿಗಳು ಸೇರುವುದಿಲ್ಲ, ಶುಕ್ರವಾರ ದಾಟಿದರೆ ತಿದ್ದುವುದಕ್ಕೆ ಹೊತ್ತಿರುವುದಿಲ್ಲ. ಆ ವಾರದ ಬೈಬಲ್ ಪಾಠಗಳನ್ನು ಮೊದಲು ಗಟ್ಟಿಯಾಗಿ ಓದಿರಿ. ಸಿಎಸ್‌ಐ ಸಭೆಗಳಿಗೆ ಪ್ರತಿ ಭಾನುವಾರದ ವಿಷಯವೂ ಪಾಠಪಟ್ಟಿಯೂ ಸಭೆಯ ವಾರ್ಷಿಕ ಕ್ಯಾಲೆಂಡರಾದ ಅಲ್ಮನಾಕ್‌ನಲ್ಲಿ ಸಿಗುತ್ತವೆ. ಕಥೋಲಿಕ ವಾಚನಗಳು ಮೂರು ವರ್ಷದ ಆವರ್ತದಲ್ಲಿ ಬರುತ್ತವೆ. ಪಾಠದಲ್ಲಿರುವ ಒಂದು ಚಿತ್ರವನ್ನೋ ಕ್ರಿಯಾಪದವನ್ನೋ ಆರಿಸಿಕೊಂಡರೆ ಸಾಕು. ಬಿರುಗಾಳಿ, ಬಿತ್ತುವವನು, ಕಾಲು ತೊಳೆಯುವುದು, ಹೀಗೆ. ಪ್ರಸಂಗ ಮಾಡುವವರನ್ನು ಒಮ್ಮೆ ಫೋನಿನಲ್ಲಿ ವಿಚಾರಿಸಿರಿ. ಅವರ ಪ್ರಸಂಗದ ಸಾರಾಂಶವನ್ನು ಪ್ರಾರ್ಥನೆಯಲ್ಲಿ ಮತ್ತೆ ಒಪ್ಪಿಸುವುದಕ್ಕಾಗಿ ಅಲ್ಲ, ಅವರು ಒಂದು ದಿಕ್ಕಿಗೆ, ನೀವು ಇನ್ನೊಂದು ದಿಕ್ಕಿಗೆ ಎಳೆಯದಿರಲೆಂದು.

ಅನಂತರ ಊರಿನ ಕಡೆಗೆ ನೋಡಿರಿ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳ ಆಳಸಮುದ್ರ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆಯ ಬಂದರಿನಲ್ಲಿ ದೋಣಿಗಳು ಸಾಲಾಗಿ ಕಟ್ಟಿರುತ್ತವೆ, ಹೊರ ಊರುಗಳಿಂದ ಬಂದ ಕೆಲಸಗಾರರು ಮನೆಗೆ ಹೋಗಿರುತ್ತಾರೆ. ಆದರೆ ಅದೇ ದಿನಗಳಲ್ಲಿ ನಾಡದೋಣಿಯವರು ಒರಟು ಕಡಲಿಗೆ ಇಳಿಯುತ್ತಾರೆ. ಜುಲೈ ತಿಂಗಳಲ್ಲಿ ಎಲ್ಲ ಮೀನುಗಾರರಿಗೂ ಒಳ್ಳೆಯ ಬೇಟೆ ಸಿಗಲಿ ಎಂದು ಪ್ರಾರ್ಥಿಸಿದರೆ ಕಡಲತಡಿಯ ಕುಟುಂಬಗಳು ಆಮೆನ್ ಎನ್ನುವ ಮೊದಲು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತವೆ. ಪರೀಕ್ಷೆಯ ದಿನಗಳು, ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನವಾದ ಸೆಪ್ಟೆಂಬರ್ 8ರ ತೆನೆಹಬ್ಬ, ಚುನಾವಣೆ, ಮಳೆಗಾಲದಲ್ಲಿ ಗುಡ್ಡ ಕುಸಿದ ಸುದ್ದಿ, ಇವೆಲ್ಲ ಪಟ್ಟಿಯಲ್ಲಿರಲಿ. ಪಟ್ಟಿಯಲ್ಲಿದ್ದದ್ದೆಲ್ಲ ಪ್ರಾರ್ಥನೆಗೆ ಬರಬೇಕೆಂದಿಲ್ಲ.

ಚರ್ಚಿನ ಬಾಗಿಲ ಬಳಿ ಇಡುವ ಬೇಡಿಕೆಯ ಪೆಟ್ಟಿಗೆಯ ಚೀಟಿಗಳನ್ನು ಬಹಳ ಎಚ್ಚರದಿಂದ ಬಳಸಬೇಕು. ಕಾಯಿಲೆಯ ಹೆಸರನ್ನು ಮೈಕಿನಲ್ಲಿ ಹೇಳುವುದು ಎಂದಿಗೂ ಬೇಡ. ರೋಗಿಯ ಹೆಸರನ್ನು ಹೇಳಬೇಕಾದರೂ ಅವರ ಅಥವಾ ಮನೆಯವರ ಒಪ್ಪಿಗೆಯನ್ನು ಶನಿವಾರದೊಳಗೆ ಕೇಳಿಕೊಂಡಿರಬೇಕು. ಸೊಸೆಗೆ ಮಗುವಾಗಲಿ, ಮಗ ಕುಡಿತ ಬಿಡಲಿ, ಗಂಡಹೆಂಡಿರ ಮೊಕದ್ದಮೆ ಮುಗಿಯಲಿ ಎಂಬಂಥ ಚೀಟಿಗಳು ಬಂದೇ ಬರುತ್ತವೆ. ಅವುಗಳನ್ನು ಓದುವುದಕ್ಕೆ ಬದಲು ‘ಹೇಳಿಕೊಳ್ಳಲಾಗದ ಭಾರವನ್ನು ಹೊತ್ತು ಬಂದಿರುವವರನ್ನು ನೀನು ಹೆಸರು ಹಿಡಿದು ಬಲ್ಲೆ’ ಎಂಬ ಒಂದು ವಾಕ್ಯವನ್ನು ಸೇರಿಸಿ, ಅದರ ಬಳಿಕ ಅರ್ಧ ನಿಮಿಷ ಮೌನವನ್ನು ಕೊಡುವುದು ಮೇಲು. ಚೀಟಿ ಬರೆದವರಿಗೆ ಅದು ತಮ್ಮದೇ ಎಂದು ತಿಳಿಯುತ್ತದೆ, ಉಳಿದವರಿಗೆ ತಿಳಿಯಬೇಕಾದ ಅಗತ್ಯವಿಲ್ಲ.

ಎರಡನೆಯ ಹೆಜ್ಜೆ: ಆರಂಭದ ಚಿಕ್ಕ ಪ್ರಾರ್ಥನೆ

ಆರಾಧನೆಯ ಆರಂಭದಲ್ಲಿ ಬರುವ ಆ ದಿನದ ಪ್ರಾರ್ಥನೆಗೆ ಬಹು ಹಳೆಯದಾದ ಒಂದು ಕಟ್ಟಿದೆ. ದೇವರನ್ನು ಕರೆಯುವುದು, ದೇವರು ಯಾರು ಅಥವಾ ಏನು ಮಾಡಿದ್ದಾನೆಂದು ನೆನೆಯುವುದು, ಒಂದೇ ಒಂದು ಬೇಡಿಕೆ, ಆ ಬೇಡಿಕೆ ಯಾತಕ್ಕಾಗಿ ಎಂಬ ಉದ್ದೇಶ, ಕೊನೆಗೆ ಕ್ರಿಸ್ತನ ಮೂಲಕ ಎಂಬ ಮುಕ್ತಾಯ: ಈ ಐದು ಅಂಗಗಳಿಂದ ಅದು ಕಟ್ಟಲ್ಪಟ್ಟಿರುತ್ತದೆ. ಹೊಸದಾಗಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ; ಏಕೆಂದರೆ ಒಂದೇ ಬೇಡಿಕೆಗೆ ಜಾಗವಿರುವಾಗ ಯಾವುದು ಮುಖ್ಯವೆಂದು ತೀರ್ಮಾನಿಸಲೇಬೇಕಾಗುತ್ತದೆ. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದ ಬಿರುಗಾಳಿಯ ಪಾಠ ಮಳೆಗಾಲದ ಒಂದು ಭಾನುವಾರ ಬಂದಿದೆಯೆಂದು ಇಟ್ಟುಕೊಳ್ಳೋಣ.

‘ಕಡಲನ್ನೂ ಕರಾವಳಿಯನ್ನೂ ಉಂಟುಮಾಡಿದ ದೇವರೇ, ಬಿರುಗಾಳಿಯಲ್ಲಿ ಹೆದರಿದ ಶಿಷ್ಯರ ಕೂಗಿಗೆ ನಿನ್ನ ಮಗನು ಎಚ್ಚೆತ್ತು ಅಲೆಗಳನ್ನು ಶಾಂತಗೊಳಿಸಿದನು. ನಮ್ಮ ಕಳವಳವನ್ನು ನಿನ್ನಿಂದ ಬಚ್ಚಿಡದೆ ಹೇಳಿಕೊಳ್ಳುವ ಧೈರ್ಯವನ್ನು ನಮಗೆ ಕೊಡು. ಹೀಗೆ ನಿನ್ನಲ್ಲಿ ಸಮಾಧಾನ ಹೊಂದಿದ ನಾವು ಹೆದರಿದವರ ಬಳಿಗೆ ಹೋಗಿ ನಿಲ್ಲುವಂತಾಗಲಿ. ನಿನ್ನೊಂದಿಗೂ ಪವಿತ್ರಾತ್ಮನೊಂದಿಗೂ ಒಬ್ಬನೇ ದೇವರಾಗಿ ಎಂದೆಂದಿಗೂ ಜೀವಿಸಿ ಆಳುವ ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.’

ಇಲ್ಲಿ ‘ಧೈರ್ಯವನ್ನು ಕೊಡು’ ಎಂಬುದೇ ಬೇಡಿಕೆ. ಆರೋಗ್ಯ, ಉದ್ಯೋಗ, ಮಳೆಬೆಳೆ ಎಂದು ಇದಕ್ಕೆ ಪೋಣಿಸುತ್ತ ಹೋದರೆ ಮುಂದೆ ಬರುವ ವಿಜ್ಞಾಪನೆಗೆ ಏನೂ ಉಳಿಯುವುದಿಲ್ಲ. ಉದ್ದೇಶದ ಸಾಲನ್ನು ಬಿಡಲೂಬಾರದು. ಅದೊಂದು ಇಲ್ಲದಿದ್ದರೆ ಬೇಡಿಕೆ ನಮ್ಮ ಮನೆಯ ಹೊಸಿಲಿನೊಳಗೇ ನಿಂತುಬಿಡುತ್ತದೆ.

ಪಾಪ ಅರಿಕೆಗೆ ಸಭಾಪುಸ್ತಕದಲ್ಲಿರುವ ಪಾಠವೇ ಸಾಕು. ಹೊಸದನ್ನು ಬರೆಯಲೇಬೇಕಾದರೆ ‘ನಾವು’ ಎಂದೇ ಬರೆಯಿರಿ. ‘ನಮ್ಮಲ್ಲಿ ಕೆಲವರು’ ಎಂದ ಕೂಡಲೇ ಅದು ಅರಿಕೆಯಾಗುವುದನ್ನು ಬಿಟ್ಟು ದೂರಾಗುತ್ತದೆ.

ಮೂರನೆಯ ಹೆಜ್ಜೆ: ವಿಜ್ಞಾಪನೆಗಳನ್ನು ಕಟ್ಟುವುದು

ಹೆಚ್ಚಿನ ಶ್ರಮ ಬೇಕಾಗುವುದು ಇಲ್ಲಿ. ರೋಮನ್ ಬಲಿಪೂಜಾ ಗ್ರಂಥದ ಸಾಮಾನ್ಯ ನಿರ್ದೇಶನ ಕೊಡುವ ಅನುಕ್ರಮವನ್ನು ಯಾವ ಸಭೆಯಾದರೂ ಬಳಸಬಹುದು: ಮೊದಲು ಸಭೆಯ ಅಗತ್ಯಗಳು, ಬಳಿಕ ಅಧಿಕಾರದಲ್ಲಿರುವವರು ಮತ್ತು ಇಡೀ ಲೋಕ, ಬಳಿಕ ಕಷ್ಟದಲ್ಲಿರುವವರು, ಕೊನೆಗೆ ಸ್ಥಳೀಯ ಸಮುದಾಯ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2ನೆಯ ಅಧ್ಯಾಯ ಎಲ್ಲ ಮನುಷ್ಯರಿಗಾಗಿ, ಅರಸರಿಗಾಗಿ ಮತ್ತು ಅಧಿಕಾರಿಗಳಿಗಾಗಿ ಪ್ರಾರ್ಥಿಸಬೇಕೆಂದು ಹೇಳುವುದು ಇದರ ಬೇರು. ನಮ್ಮಲ್ಲಿ ಸಾಮಾನ್ಯವಾಗಿ ಇದು ತಲೆಕೆಳಗಾಗುತ್ತದೆ: ನಮ್ಮ ಚರ್ಚಿನ ಕಟ್ಟಡ, ನಮ್ಮ ಕೂಟ, ನಮ್ಮ ರೋಗಿಗಳು ಆರು ನಿಮಿಷ, ಲೋಕಕ್ಕೆ ಕೊನೆಯ ಅರ್ಧ ವಾಕ್ಯ. ಅನುಕ್ರಮವನ್ನು ಹಿಡಿದುಕೊಂಡರೆ ಈ ಸ್ವಾರ್ಥ ತಾನಾಗಿಯೇ ಕಡಿಮೆಯಾಗುತ್ತದೆ.

ಬರೆಯುವ ಮೊದಲು ಯಾರ ಕಡೆಗೆ ತಿರುಗಿ ಮಾತನಾಡುತ್ತೀರೆಂದು ನಿಶ್ಚಯಿಸಿಕೊಳ್ಳಿರಿ. ‘ರೋಗಿಗಳಿಗಾಗಿ ಪ್ರಾರ್ಥಿಸೋಣ’ ಎಂಬುದು ಸಭೆಗೆ ಕೊಡುವ ಕರೆ. ‘ಕರ್ತನೇ, ರೋಗಿಗಳನ್ನು ಮುಟ್ಟು’ ಎಂಬುದು ದೇವರಿಗೆ ಹೇಳುವ ಮಾತು. ಎರಡೂ ಸರಿಯಾದ ಕ್ರಮಗಳೇ, ಆದರೆ ಒಂದೇ ಪ್ರಾರ್ಥನೆಯಲ್ಲಿ ಎರಡನ್ನೂ ಬೆರೆಸಿದರೆ ಕೇಳುವವರಿಗೆ ಕಣ್ಣು ಮುಚ್ಚಬೇಕೋ ತೆರೆಯಬೇಕೋ ತಿಳಿಯುವುದಿಲ್ಲ. ದೇವರನ್ನು ‘ನೀನು’ ಎನ್ನುವ ರೂಢಿ ಸಿಎಸ್‌ಐ ಮತ್ತು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ) ಪರಂಪರೆಯ ಸಭೆಗಳಲ್ಲಿದೆ, ಕಥೋಲಿಕರ ಕನ್ನಡ ಪ್ರಾರ್ಥನೆಗಳಲ್ಲಿ ‘ನೀವು’ ಕೇಳಿಬರುತ್ತದೆ. ನಿಮ್ಮ ಸಭೆಯ ರೂಢಿಯನ್ನು ಆರಂಭದಿಂದ ಕೊನೆಯವರೆಗೆ ಬಿಡದೆ ನಡೆಸಿಕೊಂಡು ಹೋಗಿರಿ.

ಎರಡು ಬಗೆಯ ವಾಕ್ಯಗಳು ಪ್ರಾರ್ಥನೆಯ ವೇಷದಲ್ಲಿ ನುಸುಳುತ್ತವೆ. ಒಂದು ಪ್ರಕಟಣೆ: ‘ಕರ್ತನೇ, ಬರುವ ಶನಿವಾರ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಸಭಾಭವನದಲ್ಲಿ ನಡೆಯಲಿರುವ ಕೂಟಕ್ಕೆ ಎಲ್ಲರೂ ಬರುವಂತೆ ಮಾಡು.’ ದೇವರಿಗೆ ಗಂಟೆಯನ್ನು ತಿಳಿಸಬೇಕಾಗಿಲ್ಲ. ಇನ್ನೊಂದು ಗದರಿಕೆ: ‘ಆರಾಧನೆಗೆ ತಡವಾಗಿ ಬರುವವರ ಮನಸ್ಸನ್ನು ತಿರುಗಿಸು.’ ತಡವಾಗಿ ಬಂದವರು ಆಗಷ್ಟೇ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಅವರ ಆಮೆನ್ ಹೇಗಿರಬಹುದು? ಪ್ರಕಟಣೆಯನ್ನು ಪ್ರಕಟಣೆಯ ಹೊತ್ತಿಗೆ ಕಳುಹಿಸಿರಿ, ಗದರಿಕೆಯನ್ನು ಹರಿದುಹಾಕಿರಿ. ಚುನಾವಣೆಯ ಕಾಲದಲ್ಲಿ ಪಕ್ಷದ ವಾಸನೆ ಬಡಿಯುವ ವಾಕ್ಯಗಳಿಗೂ ಇದೇ ಗತಿಯಾಗಬೇಕು. ನ್ಯಾಯಕ್ಕಾಗಿ ಪ್ರಾರ್ಥಿಸುವುದರಲ್ಲಿ ಹಿಂಜರಿಕೆ ಬೇಡ, ಗೆಲುವಿಗಾಗಿ ಪ್ರಾರ್ಥಿಸುವುದು ಬೇಡ.

ಸಭೆ ಹೇಳುವ ಉತ್ತರ ಚಿಕ್ಕದಾಗಿರಬೇಕು, ಕಂಠಪಾಠವಾಗಿರುವಂಥದ್ದಾಗಬೇಕು, ಪ್ರತಿ ವಿಜ್ಞಾಪನೆಗೂ ಒಂದೇ ಆಗಿರಬೇಕು. ಉತ್ತರಕ್ಕೆ ಮೊದಲು ಬರುವ ಸೂಚನೆಯ ಮಾತು ಬದಲಾದರೆ ಸಭೆ ತಡವರಿಸುತ್ತದೆ, ಅರ್ಧ ಮಂದಿ ಹೇಳಿದ ಮೇಲೆ ಉಳಿದರ್ಧ ಮಂದಿ ಹೇಳುತ್ತಾರೆ. ಮಳೆಗಾಲದ ಅದೇ ಭಾನುವಾರಕ್ಕೆ ಹೊಂದುವ ಒಂದು ಮಾದರಿ ಇಲ್ಲಿದೆ.

‘ಕರುಣೆಯುಳ್ಳ ದೇವರೇ, ಲೋಕದಲ್ಲೆಲ್ಲ ಹರಡಿರುವ ನಿನ್ನ ಸಭೆಗಾಗಿ ಬೇಡುತ್ತೇವೆ. ನಮ್ಮ ಬಿಷಪರಿಗೂ ಸಭಾಪಾಲಕರಿಗೂ ದಣಿಯದ ಮನಸ್ಸನ್ನು ಕೊಡು. ಮಳೆಯಿಂದಾಗಿ ಮನೆಯಿಂದ ಹೊರಡಲಾಗದ ಹಿರಿಯರನ್ನು ಈ ಆರಾಧನೆಯಲ್ಲಿ ನಮ್ಮೊಂದಿಗೆ ಸೇರಿಸು. ಕರ್ತನೇ, ನಿನ್ನ ಕರುಣೆಯಿಂದ,’
ಸಭೆ: ‘ನಮ್ಮ ಪ್ರಾರ್ಥನೆಯನ್ನು ಲಾಲಿಸು.’

‘ದೇಶವನ್ನೂ ರಾಜ್ಯವನ್ನೂ ಈ ಜಿಲ್ಲೆಯನ್ನೂ ನಡೆಸುವವರಿಗೆ ನ್ಯಾಯಬುದ್ಧಿಯನ್ನು ಕೊಡು. ಹೊತ್ತಲ್ಲದ ಹೊತ್ತಿನಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನೂ ನೆರೆಯ ನೀರಿಗಿಳಿಯುವ ಅಗ್ನಿಶಾಮಕ ದಳದವರನ್ನೂ ಕಾಪಾಡು. ಎಲ್ಲ ಧರ್ಮದ ನೆರೆಹೊರೆಯವರೊಂದಿಗೆ ಸಮಾಧಾನದಿಂದ ಬಾಳಲು ನಮಗೆ ಕಲಿಸು. ಕರ್ತನೇ, ನಿನ್ನ ಕರುಣೆಯಿಂದ,’
ಸಭೆ: ‘ನಮ್ಮ ಪ್ರಾರ್ಥನೆಯನ್ನು ಲಾಲಿಸು.’

‘ದೋಣಿ ದಡದಲ್ಲಿ ಕಟ್ಟಿರುವಾಗ ಸಾಲ ಮಾಡಿ ಮನೆ ನಡೆಸುತ್ತಿರುವವರನ್ನು, ನಾಡದೋಣಿಯಲ್ಲಿ ಅಲೆಯನ್ನು ಎದುರಿಸುವವರನ್ನು, ಬೀಡಿ ಕಟ್ಟಿ ಮಕ್ಕಳನ್ನು ಓದಿಸುತ್ತಿರುವ ತಾಯಂದಿರನ್ನು, ಕೊಲ್ಲಿ ರಾಷ್ಟ್ರಗಳಲ್ಲಿ ಒಂಟಿಯಾಗಿ ದುಡಿಯುತ್ತಿರುವ ನಮ್ಮವರನ್ನು, ಆಸ್ಪತ್ರೆಯಲ್ಲಿ ಇರುವವರನ್ನೂ ಅವರ ಬದಿಯಲ್ಲಿ ರಾತ್ರಿ ಕಳೆಯುವವರನ್ನೂ ನೆನಸಿಕೋ. ಹೇಳಿಕೊಳ್ಳಲಾಗದ ಭಾರವನ್ನು ಹೊತ್ತು ಬಂದಿರುವವರನ್ನು ನೀನು ಹೆಸರು ಹಿಡಿದು ಬಲ್ಲೆ.’ (ಮೌನ) ‘ಕರ್ತನೇ, ನಿನ್ನ ಕರುಣೆಯಿಂದ,’
ಸಭೆ: ‘ನಮ್ಮ ಪ್ರಾರ್ಥನೆಯನ್ನು ಲಾಲಿಸು.’

ಮೂರನೆಯ ಭಾಗದಲ್ಲಿ ಬೀಡಿ ಕಟ್ಟುವುದು, ಸಾಲ ಮಾಡುವುದು, ರೋಗಿಯ ಬದಿಯಲ್ಲಿ ರಾತ್ರಿ ಕಳೆಯುವುದು ಎಂದು ಕಣ್ಣಿಗೆ ಕಾಣುವ ಕೆಲಸಗಳನ್ನೇ ಹೇಳಿದೆ. ‘ದೀನದಲಿತರನ್ನು, ನೊಂದವರನ್ನು, ಬೆಂದವರನ್ನು’ ಎಂಬ ಪ್ರಾಸದ ಮಾತುಗಳು ನಾಲಿಗೆಗೆ ಸುಲಭ, ಆದರೆ ಕೇಳಿದವರ ಮನಸ್ಸಿಗೆ ಯಾರ ಮುಖವೂ ಬರುವುದಿಲ್ಲ. ಹಾಗೆಂದು ಪಟ್ಟಿಯನ್ನು ಉದ್ದ ಮಾಡಲೂಬಾರದು; ಬಿಟ್ಟುಹೋದವರು ತಮ್ಮನ್ನು ಮರೆತರೆಂದು ಎಣಿಸಿಕೊಳ್ಳುತ್ತಾರೆ. ಪ್ರತಿ ವಾರ ನಾಲ್ಕೈದು ಬಗೆಯ ಜನರನ್ನು ಆರಿಸಿಕೊಂಡು ವರ್ಷದೊಳಗೆ ಎಲ್ಲರನ್ನೂ ಸುತ್ತಿ ಬರುವುದು ಜಾಣತನ. ಒಟ್ಟು ವಿಜ್ಞಾಪನೆ ಐದಾರು ನಿಮಿಷ ಮೀರಬಾರದು. ಬಹುಮಾತಿನಿಂದ ದೇವರು ಕೇಳುತ್ತಾನೆಂದು ನೆನಸಬೇಡಿರಿ ಎಂಬ ಎಚ್ಚರಿಕೆ ಮತ್ತಾಯನ 6ನೆಯ ಅಧ್ಯಾಯದಲ್ಲಿ ಕರ್ತನ ಪ್ರಾರ್ಥನೆಗೆ ಸ್ವಲ್ಪ ಮೊದಲೇ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಸೇವೆಗಾಗಿ ಪ್ರಾರ್ಥಿಸುವುದು, ಸೇವೆಗೆ ಕಳುಹಿಸುವುದು

ನಮ್ಮ ಜಿಲ್ಲೆಗಳಲ್ಲಿ ಸೇವೆಯ ನೆನಪು ದೊಡ್ಡದು. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಮುದ್ರಣಾಲಯ, ಶಾಲೆ, ಹಂಚಿನ ಕಾರ್ಖಾನೆಗಳು ಅವರ ಹಿಂದೆಯೇ ಬಂದವು. ಜೆಸುಯಿಟ್ ಗುರು ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ 1880ರಲ್ಲಿ ಔಷಧ ಕೊಡಲು ತೊಡಗಿದ್ದು ಇಂದು ದೊಡ್ಡ ಆಸ್ಪತ್ರೆಯಾಗಿದೆ. ಉಡುಪಿಯ ಮಿಷನ್ ಆಸ್ಪತ್ರೆ 1923ರಲ್ಲಿ ಡಾಕ್ಟರ್ ಈವಾ ಲೊಂಬಾರ್ಡ್ ಅವರಿಂದ ಆರಂಭವಾಯಿತು. ಇಂಥ ಹೆಸರುಗಳಿಗಾಗಿ ಸ್ತೋತ್ರ ಸಲ್ಲಿಸುವುದು ಯೋಗ್ಯವೇ. ಆದರೆ ಸೇವೆಯ ಪ್ರಾರ್ಥನೆ ಪೂರ್ವಿಕರ ಹೊಗಳಿಕೆಯಲ್ಲಿಯೇ ಮುಗಿದರೆ ಇಂದು ರಾತ್ರಿಪಾಳಿಗೆ ಹೊರಡುವ ನರ್ಸಮ್ಮನಿಗೆ ಅದರಲ್ಲಿ ಜಾಗ ಸಿಗುವುದಿಲ್ಲ.

ಸೇವೆಯ ಪ್ರಾರ್ಥನೆ ಬರೆಯುವಾಗ ಮೂರು ವಿಷಯಗಳನ್ನು ಗಮನಿಸಬೇಕು. ‘ಬಡವರಿಗಾಗಿ ಬೇಡುತ್ತೇವೆ’ ಎನ್ನುವಾಗ ಬಡವರು ಎಲ್ಲೋ ಹೊರಗೆ ಇದ್ದಾರೆಂಬ ಧ್ವನಿ ಬರುತ್ತದೆ, ಆದರೆ ಅವರು ಅದೇ ಬೆಂಚಿನಲ್ಲಿ ಕುಳಿತಿರಬಹುದು. ‘ನಮ್ಮಲ್ಲಿಯೂ ನಮ್ಮ ನೆರೆಯಲ್ಲಿಯೂ ಕೊರತೆಯಲ್ಲಿರುವವರು’ ಎಂದರೆ ಆ ಅಂತರ ಹೋಗುತ್ತದೆ. ಎರಡನೆಯದಾಗಿ, ಬೇಡಿದ ಕೆಲಸದಲ್ಲಿ ಸಭೆ ಮಾಡಬಲ್ಲದ್ದು ಏನಾದರೂ ಇದ್ದರೆ ಅದನ್ನು ದೇವರ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಾರದು. ಒಂಟಿ ಹಿರಿಯರನ್ನು ಸಂತೈಸು ಎಂದು ಪ್ರಾರ್ಥಿಸಿದ ಸಭೆಯಲ್ಲಿ ಈ ವಾರ ಯಾರು ಯಾರ ಮನೆಗೆ ಹೋಗುತ್ತಾರೆಂಬ ಪಟ್ಟಿ ಇರಬೇಕು. ಪ್ರಾರ್ಥನೆ ಬರೆಯುವವರು ಭೇಟಿಯ ಪಟ್ಟಿ ಇಟ್ಟಿರುವವರನ್ನು ಮೊದಲೇ ಕೇಳಿಕೊಳ್ಳಲಿ. ಮೂರನೆಯದು ಜಾಗದ ಮಾತು. ಕಾಣಿಕೆಯನ್ನು ಎತ್ತಿ ಅರ್ಪಿಸುವ ಹೊತ್ತೇ ಸೇವೆಯ ಪ್ರಾರ್ಥನೆಗೆ ತಕ್ಕ ಹೊತ್ತು, ಜಸ್ಟಿನ್ ಹೇಳಿದ ಕಾಣಿಕೆ ರೋಗಿಗಳಿಗೂ ಸೆರೆಯವರಿಗೂ ಹೋದಂತೆಯೇ.

ಶಿಕ್ಷಕರು, ಆಸ್ಪತ್ರೆಯ ಸಿಬ್ಬಂದಿ, ಸಂಡೇ ಸ್ಕೂಲ್ ನಡೆಸುವವರು, ರೋಗಿಗಳನ್ನು ಭೇಟಿ ಮಾಡುವ ತಂಡ, ಇವರನ್ನು ವರ್ಷಕ್ಕೊಮ್ಮೆ ಮುಂದಕ್ಕೆ ಕರೆದು ಕಳುಹಿಸುವ ಕ್ರಮ ಒಳ್ಳೆಯದು. ಅವರು ಸಭೆಯ ಕಡೆಗೆ ಮುಖಮಾಡಿ ನಿಲ್ಲಲಿ. ಪ್ರಾರ್ಥನೆ ಹೀಗಿರಬಹುದು:

‘ಶಿಷ್ಯರ ಪಾದಗಳನ್ನು ತೊಳೆದ ಕರ್ತನೇ, ಇವರ ಕೈಗಳನ್ನು ನಿನ್ನ ಕೆಲಸಕ್ಕಾಗಿ ಪ್ರತ್ಯೇಕಿಸಿ ಕಳುಹಿಸುತ್ತೇವೆ. ಹೊಗಳಿಕೆ ಬಂದಾಗ ಉಬ್ಬದಂತೆ, ಯಾರೂ ಗುರುತಿಸದಿದ್ದಾಗ ಕುಗ್ಗದಂತೆ ಇವರನ್ನು ಕಾಯಿ. ಇವರು ಯಾರಿಗೆ ಸೇವೆ ಮಾಡುತ್ತಾರೋ ಅವರಿಂದ ಕಲಿಯುವ ವಿನಯವನ್ನೂ ಕೊಡು. ಇವರ ಮನೆಯ ಹೊರೆಯಲ್ಲಿ ಪಾಲು ತೆಗೆದುಕೊಳ್ಳುವ ಮನಸ್ಸನ್ನು ಸಭೆಯಾದ ನಮಗೆ ಕೊಡು. ಆಮೆನ್.’

ಕೊನೆಯ ವಾಕ್ಯವನ್ನು ಸಭೆಯೇ ಒಟ್ಟಾಗಿ ಹೇಳುವಂತೆ ಅಚ್ಚು ಹಾಕಿಸಿದರೆ ಇನ್ನೂ ಉತ್ತಮ. ಆಗ ಅದು ಮಾತುಕೊಡುವುದೂ ಆಗುತ್ತದೆ.

ಐದನೆಯ ಹೆಜ್ಜೆ: ಐಕ್ಯತೆಯ ಪ್ರಾರ್ಥನಾಕೂಟ

ಬೇರೆ ಬೇರೆ ಸಭೆಗಳು ಕೂಡಿ ಪ್ರಾರ್ಥಿಸುವ ಸಪ್ತಾಹ ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಬರುತ್ತದೆ. ಅಮೆರಿಕದ ಪಾಲ್ ವಾಟ್ಸನ್ 1908ರಲ್ಲಿ ಇದನ್ನು ಆರಂಭಿಸಿದರು. 1930ರ ದಶಕದಲ್ಲಿ ಫ್ರಾನ್ಸಿನ ಲಿಯೋನ್ ನಗರದ ಗುರು ಪಾಲ್ ಕುಟುರಿಯೆ ಇದರ ದಿಕ್ಕನ್ನೇ ಬದಲಿಸಿದರು: ಉಳಿದವರು ನಮ್ಮ ಸಭೆಗೆ ಮರಳಲಿ ಎಂದು ಬೇಡುವುದನ್ನು ಬಿಟ್ಟು, ಕ್ರಿಸ್ತನು ಬಯಸುವ ಐಕ್ಯತೆ ಕ್ರಿಸ್ತನು ಬಯಸುವ ಮಾರ್ಗದಲ್ಲಿಯೇ ಬರಲಿ ಎಂದು ಎಲ್ಲರೂ ಬೇಡಬಹುದೆಂದು ತೋರಿಸಿಕೊಟ್ಟರು. ಐಕ್ಯತೆಯ ಪ್ರಾರ್ಥನೆಯನ್ನು ಬರೆಯುವವರಿಗೆ ಇದಕ್ಕಿಂತ ಉಪಯುಕ್ತವಾದ ಸೂತ್ರವನ್ನು ನಾನು ಕಂಡಿಲ್ಲ. ‘ನಿನ್ನ ಚದರಿದ ಮಂದೆ ನಿಜವಾದ ಮಂದೆಗೆ ಬರಲಿ’ ಎಂದು ಬರೆದರೆ ಕೂಟದಲ್ಲಿರುವ ಪ್ರತಿಯೊಬ್ಬನೂ ಆ ನಿಜವಾದ ಮಂದೆ ತನ್ನದೇ ಎಂದುಕೊಂಡು ಆಮೆನ್ ಹೇಳುತ್ತಾನೆ, ಅಂಥ ಆಮೆನ್ ಒಂದೇ ಆಗಿರುವುದಿಲ್ಲ.

ದಿನವನ್ನು ಗೊತ್ತುಮಾಡುವಾಗ ಊರಿನ ಪಂಚಾಂಗವನ್ನೂ ನೋಡಿರಿ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಕೃಷ್ಣಮಠದ ಪರ್ಯಾಯೋತ್ಸವ ನಡೆಯುತ್ತದೆ; ಆ ದಿನ ಮತ್ತು ಹಿಂದಿನ ರಾತ್ರಿ ಪೇಟೆಯೊಳಗೆ ವಾಹನ ತರುವುದು ಆಗದ ಮಾತು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಮಹೋತ್ಸವವೂ ಜನವರಿಯ ಕೊನೆಯ ಭಾಗಕ್ಕೇ ಬರುವುದರಿಂದ ಕಥೋಲಿಕ ಗುರುಗಳಿಗೆ ಬಿಡುವಿರುವುದಿಲ್ಲ. ನಡುವಿನ ಒಂದು ಸಂಜೆಯನ್ನು ಡಿಸೆಂಬರಿಗೆ ಮೊದಲೇ ಗೊತ್ತುಮಾಡಿಕೊಳ್ಳುವುದು ಕ್ಷೇಮ.

ಯಾರು ಯಾರು ಬರುತ್ತಾರೆ ಎಂಬುದರ ಮೇಲೆ ಕ್ರಮ ನಿಲ್ಲುತ್ತದೆ. ಸಿಎಸ್‌ಐ, ಲತೀನ್ ಪರಂಪರೆಯ ಕಥೋಲಿಕ ಸಭೆಗಳಲ್ಲದೆ, 19ನೆಯ ಶತಮಾನದ ಕೊನೆಯಲ್ಲಿ ಬಿಷಪ್ ಅಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಫಾದರ್ ನೊರೋನ್ಹಾ ಅವರ ಸುತ್ತ ಬೆಳೆದ ಬ್ರಹ್ಮಾವರದ ಕೊಂಕಣಿ ಮಾತನಾಡುವ ಆರ್ಥೊಡಾಕ್ಸ್ ಸಮುದಾಯವಿದೆ, ಬೆಳ್ತಂಗಡಿ ಕಡೆಯ ಮಲಯಾಳಂ ಮಾತನಾಡುವ ಸಿರೋ ಮಲಬಾರ್ ಕಥೋಲಿಕ ಸಭೆಯಿದೆ. ಕಥೋಲಿಕರೂ ಆರ್ಥೊಡಾಕ್ಸರೂ ಪ್ರಭುಭೋಜನವನ್ನು ಬೇರೆ ಸಭೆಯವರೊಂದಿಗೆ ಹಂಚಿಕೊಳ್ಳುವುದಿಲ್ಲವಾದ್ದರಿಂದ ಕೂಟವನ್ನು ವಾಕ್ಯದ ಆರಾಧನೆಯಾಗಿಯೇ ಇಟ್ಟುಕೊಳ್ಳಬೇಕು. ಅದರ ಬಗ್ಗೆ ಅಂದು ಸಂಜೆ ವೇದಿಕೆಯಿಂದ ವಿಷಾದ ವ್ಯಕ್ತಪಡಿಸುವುದು ಬೇಡ. ನೋವಿದ್ದರೆ ಅದು ಪ್ರಾರ್ಥನೆಯೊಳಗೆ ಬರಲಿ.

ಅಚ್ಚಿಗೆ ಕೊಡುವ ಮೊದಲು ಮೂರು ಕಡೆ ನಿಂತು ನೋಡಬೇಕು. ಕರ್ತನ ಪ್ರಾರ್ಥನೆಯಲ್ಲಿ ಪ್ರೊಟೆಸ್ಟಂಟರು ರಾಜ್ಯವೂ ಬಲವೂ 
ಮಹಿಮೆಯೂ ನಿನ್ನವೇ ಎಂಬಲ್ಲಿಯವರೆಗೆ ಒಂದೇ ಉಸಿರಿಗೆ ಹೋಗುತ್ತಾರೆ, ಕಥೋಲಿಕರು ಕೇಡಿನಿಂದ ಪಾರುಮಾಡು ಎಂಬಲ್ಲಿ ನಿಲ್ಲುತ್ತಾರೆ. ಪಾಠವನ್ನು ಪೂರ್ತಿಯಾಗಿ ಅಚ್ಚು ಹಾಕಿಸದಿದ್ದರೆ ಅರ್ಧ ಸಭೆ ಮೌನವಾಗಿ ಇನ್ನರ್ಧ ಸಭೆಯನ್ನು ಕೇಳಿಸಿಕೊಳ್ಳುತ್ತಿರುತ್ತದೆ. ಬೇಕಾದರೆ ಅವರವರು ತಮ್ಮ ತಮ್ಮ ಭಾಷೆಯಲ್ಲಿ, ಕೊಂಕಣಿ, ತುಳು, ಕನ್ನಡ, ಮಲಯಾಳಂ ಎಂದು ಒಟ್ಟಿಗೆ ಹೇಳಲಿ. ಆ ಗದ್ದಲ ಕೇಳುವುದಕ್ಕೆ ಚೆನ್ನಾಗಿಯೇ ಇರುತ್ತದೆ. ವಿಶ್ವಾಸಪ್ರಮಾಣಕ್ಕೆ ಅಪೊಸ್ತಲರ ಪ್ರಮಾಣವನ್ನು ಹಾಕಿದರೆ ಅದು ಆರ್ಥೊಡಾಕ್ಸರ ಆರಾಧನೆಯಲ್ಲಿ ಬಳಕೆಯಲ್ಲಿಲ್ಲ. ನಿಕೇಯ ಪ್ರಮಾಣವೇ ಸರಿ, ಅದರಲ್ಲಿಯೂ ಪವಿತ್ರಾತ್ಮನು ‘ಪುತ್ರನಿಂದಲೂ’ ಹೊರಡುತ್ತಾನೆಂಬ, ಆರ್ಥೊಡಾಕ್ಸರು ಒಪ್ಪದ ಮಾತಿಲ್ಲದ 381ರ ಮೂಲಪಾಠ. ಇನ್ನು ತೀರಿಕೊಂಡವರ ವಿಷಯ: ಕಥೋಲಿಕರೂ ಆರ್ಥೊಡಾಕ್ಸರೂ ಅವರಿಗಾಗಿ ಪ್ರಾರ್ಥಿಸುತ್ತಾರೆ, ಬಾಸೆಲ್ ಮಿಷನ್ ಪರಂಪರೆಯವರು ಅವರ ಜೀವಿತಕ್ಕಾಗಿ ದೇವರಿಗೆ ಸ್ತೋತ್ರ ಹೇಳುತ್ತಾರೆ. ‘ನಮಗಿಂತ ಮುಂದೆ ನಡೆದುಹೋದವರಿಗಾಗಿ ನಿನಗೆ ಸ್ತೋತ್ರ, ಅವರೂ ನಾವೂ ನಿನ್ನ ಕೈಯಲ್ಲಿದ್ದೇವೆ’ ಎಂದರೆ ಯಾರೂ ಬಾಯಿ ಕಟ್ಟಿಕೊಳ್ಳಬೇಕಾಗುವುದಿಲ್ಲ.

ಉತ್ತರದ ಮಾತಿಗೆ ‘ಕಿರಿಯೆ ಎಲೈಸೊನ್’ ಎಂಬ ಹಳೆಯ ಗ್ರೀಕ್ ಕೂಗನ್ನು ಆರಿಸಿಕೊಂಡರೆ ಒಳ್ಳೆಯದು. ಕರ್ತನೇ ಕರುಣಿಸು ಎಂಬ ಆ ಬೇಡಿಕೆ ಲತೀನ್, ಸುರಿಯಾನಿ ಪರಂಪರೆಗಳೆರಡರಲ್ಲಿಯೂ ಉಳಿದು ಬಂದಿದೆ, ಯಾವ ಸಭೆಯೂ ಅದನ್ನು ತನ್ನ ಸ್ವಂತದ್ದೆಂದು ಹೇಳಲಾರದು. ಪ್ರತಿ ವಿಜ್ಞಾಪನೆಯನ್ನು ಬೇರೆ ಬೇರೆ ಸಭೆಯವರು, ತಮ್ಮದಲ್ಲದ ಸಭೆಗಾಗಿ, ಓದಲಿ.

‘ಅವರೆಲ್ಲರೂ ಒಂದಾಗಿರಬೇಕೆಂದು ತಂದೆಯನ್ನು ಬೇಡಿಕೊಂಡ ಕರ್ತನೇ, ಒಬ್ಬರ ಬಗ್ಗೆ ಒಬ್ಬರು ಮನೆಯೊಳಗೆ ಆಡಿದ ಹಗುರಮಾತುಗಳನ್ನು ಕ್ಷಮಿಸು.’ ‘ಕಿರಿಯೆ ಎಲೈಸೊನ್.’
‘ಸಭೆ ಬದಲಿಸಿ ಮದುವೆಯಾದವರನ್ನು ಎರಡು ಕಡೆಯವರೂ ದೂರವಿಟ್ಟದ್ದನ್ನು ಕ್ಷಮಿಸು, ಅಂಥ ಮನೆಗಳನ್ನು ನಮ್ಮ ನಡುವಣ ಸೇತುವೆಯಾಗಿ ಕಾಪಾಡು.’ ‘ಕಿರಿಯೆ ಎಲೈಸೊನ್.’
‘ಒಂದೇ ಮೇಜಿನ ಸುತ್ತ ಕೂರಲಾಗದ ನೋವು ನಮಗೆ ರೂಢಿಯಾಗದಿರಲಿ, ನೀನು ಬಯಸುವ ಐಕ್ಯತೆಯನ್ನು ನೀನು ಬಯಸುವ ದಾರಿಯಲ್ಲಿ ನಮಗೆ ಕೊಡು.’ ‘ಕಿರಿಯೆ ಎಲೈಸೊನ್.’

ಇದಾದ ಮೇಲೆ ಸಮಾಧಾನದ ವಂದನೆ ಬರಲಿ. ದಕ್ಷಿಣ ಭಾರತ ಸಭೆಯ ಕ್ರಮದಲ್ಲಿ ಕೊಡುವವರು ತಮ್ಮ ಬಲಗೈಯ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಸೇರಿಸುತ್ತಾರೆ, ಇಬ್ಬರೂ ತಮ್ಮ ಎಡಗೈಯನ್ನು ಎದುರಿನವರ ಬಲಗೈಯ ಮೇಲೆ ಮುಚ್ಚುತ್ತಾರೆ; ಹೀಗೆ ವಂದನೆ ಮುಂದಿನಿಂದ ಹಿಂದಿನವರೆಗೆ ಕೈಯಿಂದ ಕೈಗೆ ಹೋಗುತ್ತದೆ. ಸುರಿಯಾನಿ ಕ್ರೈಸ್ತರ ಪದ್ಧತಿಯಿಂದ ಬಂದ ಈ ಕ್ರಿಯೆ ಕೈಕುಲುಕುವುದಕ್ಕಿಂತ ನಿಧಾನವಾದದ್ದು, ಮುಜುಗರವೂ ಕಡಿಮೆ. ಸಭೆಗಳು ಗುಂಪುಗುಂಪಾಗಿ ಕುಳಿತಿದ್ದರೆ ವಂದನೆ ಗುಂಪಿನೊಳಗೇ ಸುತ್ತುತ್ತದೆ. ಆದ್ದರಿಂದ ಬಾಗಿಲಲ್ಲಿ ನಿಲ್ಲುವ ಸ್ವಯಂಸೇವಕರಿಗೆ ಜನರನ್ನು ಬೆರೆಸಿ ಕೂರಿಸಲು ಮೊದಲೇ ಹೇಳಿರಿ.

ಆರನೆಯ ಹೆಜ್ಜೆ: ಓದುವ ರೀತಿ

ಬರೆದದ್ದನ್ನು ಶನಿವಾರ ನಿಂತುಕೊಂಡು ಗಟ್ಟಿಯಾಗಿ, ಗಡಿಯಾರ ನೋಡಿ ಓದಿರಿ. ಉಸಿರು ಸಾಲದ ಕಡೆ ವಾಕ್ಯವನ್ನು ಒಡೆಯಿರಿ. ದೊಡ್ಡ ಅಕ್ಷರದಲ್ಲಿ, ಹಾಳೆಯ ಒಂದೇ ಬದಿಯಲ್ಲಿ ಮುದ್ರಿಸಿಕೊಂಡರೆ ಮೈಕಿನ ಮುಂದೆ ಹಾಳೆ ಮಗುಚುವ ಸದ್ದು ಬರುವುದಿಲ್ಲ. ಮೊಬೈಲಿನಿಂದ ಓದುವವರಿಗೆ ನಡುವೆ ಕರೆ ಬಂದರೆ ಯಾರೂ ಕಾಪಾಡಲಾರರು. ಮಳೆಗಾಲದಲ್ಲಿ ಕರೆಂಟು ಹೋದಾಗ ಹಂಚಿನ ಮಾಡಿನ ಸದ್ದನ್ನು ಮೀರಿ ಓದಬೇಕಾಗುವುದರಿಂದ ಮೈಕಿಲ್ಲದೆಯೂ ಒಮ್ಮೆ ಅಭ್ಯಾಸ ಮಾಡಿರಿ. ಸ್ವರವನ್ನು ನಡುಗಿಸುವುದು, ‘ಕರ್ತನೇ’ ಎಂದು ಪ್ರತಿ ನಾಲ್ಕು ಮಾತಿಗೊಮ್ಮೆ ತುಂಬಿಸುವುದು ಬೇಡ. ಮೌನ ಎಂದು ಬರೆದಲ್ಲಿ ಮನಸ್ಸಿನಲ್ಲಿ ನಿಧಾನವಾಗಿ ಮೂವತ್ತರವರೆಗೆ ಎಣಿಸಿರಿ; ಓದುವವರಿಗೆ ಅದು ಉದ್ದವೆನಿಸುತ್ತದೆ, ಕುಳಿತವರಿಗೆ ಹಾಗೆನಿಸುವುದಿಲ್ಲ. ಸಭೆ ಆಮೆನ್ ಎಂದು ಮುಗಿಸುವ ಮೊದಲೇ ಪೀಠದಿಂದ ಇಳಿಯಬೇಡಿರಿ.

ಆರಾಧನೆಯ ಬಳಿಕ ಹೆಸರುಗಳಿರುವ ಚೀಟಿಗಳನ್ನು ಹರಿದುಹಾಕಿರಿ. ಪ್ರಾರ್ಥನೆಯ ಹಾಳೆಯ ಮೇಲ್ಭಾಗದಲ್ಲಿ ದಿನಾಂಕವನ್ನೂ ಪಾಠವನ್ನೂ ಬರೆದು ಚರ್ಚ್ ಆಫೀಸಿನ ಕಡತದಲ್ಲಿ ಸೇರಿಸಿ, ಯಾವ ಜನರಿಗಾಗಿ ಆ ವಾರ ಪ್ರಾರ್ಥಿಸಲಾಯಿತೆಂದು ಒಂದು ಸಾಲಿನಲ್ಲಿ ಗುರುತು ಹಾಕಿರಿ. ಮುಂದಿನ ಸರದಿಯವರು ಆ ಸಾಲನ್ನು ನೋಡಿ, ಬಹುದಿನದಿಂದ ಯಾರ ಹೆಸರು ಬಂದಿಲ್ಲವೋ ಅವರಿಂದ ತಮ್ಮ ಪಟ್ಟಿಯನ್ನು ಆರಂಭಿಸಬಹುದು.